ಬಸ್ಸು ಗುದ್ದಿದರೆ ಒಂದು ಲೆಕ್ಕ, ಲಾಠಿ ಬಿದ್ದರೆ ಇನ್ನೊಂದು
ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

ಠಾಣೆಯಲ್ಲಿ ಯಾರಿಗಾದರೂ ಮೂಳೆ ಮುರಿಯುವಷ್ಟು ಹೊಡೆತ ಬಿದ್ದ ಸುದ್ದಿ ಬಂದಾಗ ಇಲಾಖೆಯ ಉತ್ತರ ನಮಗೆಲ್ಲ ಬಾಯಿಪಾಠವಾಗಿದೆ: ಒಬ್ಬಿಬ್ಬರ ಅಮಾನತು, ಇಲಾಖಾ ವಿಚಾರಣೆ, ಸತ್ತಿದ್ದರೆ ಸಿಐಡಿ ತನಿಖೆ. ಇದೆಲ್ಲ ಹೊಡೆದವರ ಸುತ್ತ ನಡೆಯುವ ವ್ಯವಹಾರ. ಹೊಡೆಸಿಕೊಂಡವನು ಮುಂದೆ ಕೂಲಿಗೆ ಹೋಗಬಲ್ಲನೇ ಎಂದು ಕೇಳುವವರು ಅಪರೂಪ. ಈ ಪತ್ರ ಅದೊಂದೇ ಪ್ರಶ್ನೆಗೆ ಸಂಬಂಧಿಸಿದ್ದು.

ಸರ್ಕಾರಿ ಬಸ್ಸು ಗುದ್ದಿ ಗಾರೆ ಕೆಲಸದವನೊಬ್ಬನ ಕೈ ಹೋಯಿತೆನ್ನಿ. ಏನು ಮಾಡಬೇಕೆಂದು ನಮ್ಮ ಕಾನೂನಿಗೆ ಚೆನ್ನಾಗಿ ಗೊತ್ತು. ಅಪಘಾತ ಪರಿಹಾರ ನ್ಯಾಯಮಂಡಳಿ ಅವನ ವಯಸ್ಸು, ಸಂಪಾದನೆ ವಿಚಾರಿಸುತ್ತದೆ, ವೈದ್ಯರ ಸಾಕ್ಷ್ಯ ಪಡೆಯುತ್ತದೆ. ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹಾಕಿಕೊಟ್ಟ ಕೋಷ್ಟಕದಂತೆ, 26ರಿಂದ 30 ವಯಸ್ಸಿನವನಾದರೆ ವರ್ಷದ ನಷ್ಟವನ್ನು 17ರಿಂದ ಗುಣಿಸುತ್ತದೆ. ಮರುವರ್ಷ ರಾಜ್‌ಕುಮಾರ್ ಪ್ರಕರಣದಲ್ಲಿ ಅದೇ ಕೋರ್ಟ್ ಇನ್ನೂ ಸೂಕ್ಷ್ಮವಾಗಿ ಯೋಚಿಸಿತು. ಎಡಗೈ ಕಳೆದುಕೊಂಡ ಬಡಗಿಯ ಗಳಿಕೆ ಹೆಚ್ಚುಕಡಿಮೆ ಪೂರ್ತಿಯೇ ನಿಲ್ಲಬಹುದು, ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಆದ್ದರಿಂದ ಅಳೆಯಬೇಕಾದದ್ದು ದೇಹದ ಊನವನ್ನಷ್ಟೇ ಅಲ್ಲ, ದುಡಿಮೆಗಾದ ಊನವನ್ನು ಎಂದಿತು. ಅದೇ ಗಾರೆಯವನನ್ನು ಠಾಣೆಯಲ್ಲಿ ನೇತುಹಾಕಿ ಭುಜದ ಕೀಲು ತಪ್ಪಿಸಿದರೆ? ಹೈಕೋರ್ಟಿಗೆ ರಿಟ್, ಮಾನವ ಹಕ್ಕು ಆಯೋಗಕ್ಕೆ ದೂರು, ವರ್ಷಗಳ ಅಲೆದಾಟ, ಅದೃಷ್ಟವಿದ್ದರೆ ಕೊನೆಗೊಂದು ದುಂಡು ಮೊತ್ತ. 1993ರ ನೀಲಬತಿ ಬೆಹೆರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ವಶದಲ್ಲಿ ಸತ್ತ 22ರ ಯುವಕನ ಗಳಿಕೆಯನ್ನು ಗಮನಿಸಿಯೇ ಒಂದೂವರೆ ಲಕ್ಷ ರೂಪಾಯಿ ಕೊಡಿಸಿತ್ತು. ಆ ವಿವೇಕ ಕಟ್ಟುನಿಟ್ಟಿನ ನಿಯಮವಾಗಲೇ ಇಲ್ಲ.

ಇದರ ಫಲ ಏನೆಂದು ನೋಡಲು ದೂರ ಹೋಗಬೇಕಿಲ್ಲ, ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದರೆ ಸಾಕು. ಕಾಡುಗಳ್ಳ ವೀರಪ್ಪನ್ ಬೇಟೆಯ ಕಾಲದಲ್ಲಿ ಕರ್ನಾಟಕ, ತಮಿಳುನಾಡು ಪೊಲೀಸರ ವಿಶೇಷ ಕಾರ್ಯಪಡೆಯವರು ಕಾಡಂಚಿನ ಹಳ್ಳಿಗರನ್ನು ಹಿಡಿದೊಯ್ದು ನೇತುಹಾಕಿ ಹೊಡೆದದ್ದನ್ನು, ಮೈಗೆ ಕರೆಂಟ್ ಕೊಟ್ಟದ್ದನ್ನು ಸಂತ್ರಸ್ತರು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಹೇಳಿಕೊಂಡರು. ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆ ಹಾಕಿಸಿಕೊಂಡು ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತವರಲ್ಲಿ ಬಹುತೇಕರು 2001ರಲ್ಲಿ ಖುಲಾಸೆಯಾದರು. ಜೇನು, ನೆಲ್ಲಿಕಾಯಿ, ಕಲ್ಲು ಕ್ವಾರಿಯ ಕೂಲಿ, ತುಂಡು ಹೊಲದ ರಾಗಿ: ಆ ಸೀಮೆಯ ಬದುಕೆಲ್ಲ ನಿಂತಿರುವುದು ರಟ್ಟೆಯ ಮೇಲೆ. ತೋಳೆತ್ತಲಾಗದ ಸೋಲಿಗ ಜೇನಿಗೆ ಮರ ಹತ್ತುವುದಾದರೂ ಹೇಗೆ? ಅವನ ಹೆಂಡತಿ ಎರಡಾಳಿನ ಕೆಲಸ ಮಾಡಬೇಕು, ಮಗ ಶಾಲೆ ಬಿಡಬೇಕು. ಸದಾಶಿವ ಸಮಿತಿಯನ್ನು ನೇಮಿಸಿದ್ದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ‘ಮಧ್ಯಂತರ’ ಪರಿಹಾರ ಹೇಳಿದ್ದು 2007ರ ಜನವರಿಯಲ್ಲಿ. ಸರಾಸರಿ ತಲೆಗೆ 3.15 ಲಕ್ಷದ ಹತ್ತಿರ. ಇತ್ತ 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ ಕೆಲವೇ ದಿನಗಳಲ್ಲಿ ತಮಿಳುನಾಡು ಸರ್ಕಾರ ಕಾರ್ಯಪಡೆಯವರಿಗೆ ತಲಾ 3 ಲಕ್ಷ, ನಿವೇಶನ, ಬಡ್ತಿ ಘೋಷಿಸಿತು. ಬಹುಮಾನಕ್ಕಿದ್ದ ಅವಸರ ಪರಿಹಾರಕ್ಕೆ ಇರಲಿಲ್ಲ.

ವೀರಪ್ಪನ್ ಕೈಯಲ್ಲಿ ಅರಣ್ಯಾಧಿಕಾರಿ ಶ್ರೀನಿವಾಸ್, ಎಸ್ಪಿ ಹರಿಕೃಷ್ಣ ಅವರಂಥವರೂ ಸತ್ತರಲ್ಲವೇ ಎಂದು ತಾವು ಕೇಳಬಹುದು. ನಿಜ, ಅವರ ಕುಟುಂಬಗಳಿಗೆ ಸರ್ಕಾರ ಎಷ್ಟು ಮಾಡಿದರೂ ಕಡಿಮೆಯೇ. ಆದರೆ ಆ ಸಾವುಗಳ ಬೆಲೆಯನ್ನು ಸೌದೆಗೆ ಹೋದವನ ಬೆನ್ನಿನಿಂದ ವಸೂಲು ಮಾಡಲಾಗದು. ಹಣ ಸಿಗುತ್ತದೆಂದರೆ ಸುಳ್ಳು ದೂರುಗಳು ಹೆಚ್ಚುತ್ತವೆ ಎಂಬುದು ಇನ್ನೊಂದು ಆಕ್ಷೇಪ. ಸುಳ್ಳು ಅಪಘಾತದ ಕ್ಲೇಮುಗಳೂ ಬರುತ್ತವೆ. ಹಾಗೆಂದು ಯಾರೂ ನ್ಯಾಯಮಂಡಳಿಗೆ ಬೀಗ ಹಾಕಿಲ್ಲ, ಸಾಕ್ಷ್ಯ ಕೇಳುತ್ತಾರೆ. ಠಾಣೆಗಳಲ್ಲಿ ಧ್ವನಿಯೂ ದಾಖಲಾಗುವ ಸಿಸಿಟಿವಿ ಇರಬೇಕೆಂದು, ಚಿತ್ರೀಕರಣವನ್ನು 18 ತಿಂಗಳು ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲೇ ಆದೇಶಿಸಿದೆ. ಕ್ಯಾಮೆರಾ ಸರಿಯಾಗಿದ್ದರೆ ಸುಳ್ಳು ದೂರಿನಿಂದ ಮೊದಲು ಪಾರಾಗುವವರು ಪ್ರಾಮಾಣಿಕ ಪೊಲೀಸರೇ. (ಬೇಕಾದ ದಿನವೇ ಅದು ಕೆಟ್ಟಿರುವ ಪವಾಡವನ್ನು ತಾವೇ ವಿಚಾರಿಸಬೇಕು.)

ಬೊಕ್ಕಸಕ್ಕೆ ಹೊರೆ ಎನ್ನುವವರಿಗೆ ವಾಚಾತಿಯ ಉತ್ತರವಿದೆ. ಧರ್ಮಪುರಿ ಜಿಲ್ಲೆಯ ಆ ಆದಿವಾಸಿ ಹಳ್ಳಿಯಲ್ಲಿ 1992ರಲ್ಲಿ ಪೊಲೀಸ್, ಅರಣ್ಯ, ಕಂದಾಯ ಸಿಬ್ಬಂದಿ ನಡೆಸಿದ ದೌರ್ಜನ್ಯದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2023ರ ಸೆಪ್ಟೆಂಬರ್ 29ರಂದು ಅತ್ಯಾಚಾರಕ್ಕೆ ಒಳಗಾದ 18 ಮಹಿಳೆಯರಿಗೆ ತಲಾ 10 ಲಕ್ಷ ರೂಪಾಯಿ ಕೊಡಲು, ಅದರಲ್ಲಿ ಅರ್ಧವನ್ನು ಅಪರಾಧಿಗಳಿಂದ ವಸೂಲು ಮಾಡಲು ಹೇಳಿತು. ಅಷ್ಟಕ್ಕೇ ಬಿಡಲಿಲ್ಲ. ಅವರಿಗೋ ಅವರ ಮನೆಯವರಿಗೋ ಕಾಯಂ ನೌಕರಿ ಇಲ್ಲವೇ ಸ್ವಉದ್ಯೋಗ ಒದಗಿಸಿ ಎಂದೂ ಆದೇಶಿಸಿತು. ಬದುಕು ಕಿತ್ತುಕೊಂಡವರು ಬದುಕನ್ನೇ ಹಿಂದಿರುಗಿಸಬೇಕೆಂಬ ಈ ನ್ಯಾಯಕ್ಕೆ 31 ವರ್ಷ ಹಿಡಿಯಿತು.

ಕರ್ನಾಟಕ ಅಷ್ಟು ಕಾಯಬೇಕಿಲ್ಲ. ಸಂತ್ರಸ್ತರ ಪರಿಹಾರ ಯೋಜನೆ ರಾಜ್ಯ ಸರ್ಕಾರವೇ ರೂಪಿಸಿರುವುದು, ತಿದ್ದುವ ಅಧಿಕಾರವೂ ಅದರದೇ. ಪೊಲೀಸ್ ವಶದಲ್ಲಿ ಆದ ಗಾಯಗಳಿಗೆ ಅಪಘಾತ ನ್ಯಾಯಮಂಡಳಿಯ ಲೆಕ್ಕವನ್ನೇ ಅನ್ವಯಿಸಿ, ಕಸುಬು ಕಳೆದುಕೊಂಡವರಿಗೆ ಬದಲಿ ದುಡಿಮೆ ಒದಗಿಸಿ, ತಪ್ಪು ಸಾಬೀತಾದವರ ಸಂಬಳದಿಂದ ಪಾಲು ಹಿಡಿಯುವ ತಿದ್ದುಪಡಿಯನ್ನು ಮುಂದಿನ ಅಧಿವೇಶನದೊಳಗೆ ತನ್ನಿ.

ಇತಿ,
ಈ ರಾಜ್ಯದ ಒಬ್ಬ ಪ್ರಜೆ