ಗೋಲು ಎಣಿಸುವವರಿಗೆ ಒಂದು ತಕರಾರು

2025ರ ಏಪ್ರಿಲ್ 6ರಂದು ಅಲೆಕ್ಸಾಂಡರ್ ಒವೆಚ್ಕಿನ್ ನ್ಯೂಯಾರ್ಕ್ ಐಲೆಂಡರ್ಸ್ ತಂಡದ ವಿರುದ್ಧ ತನ್ನ 895ನೆಯ ಗೋಲು ಹೊಡೆದು ಮಂಜುಗಡ್ಡೆಯ ಮೇಲೆ ಹೊಟ್ಟೆಯಡಿಯಾಗಿ ಜಾರಿಕೊಂಡು ಹೋದ. ವೇಯ್ನ್ ಗ್ರೆಟ್ಸ್ಕಿಯ 894ರ ದಾಖಲೆ ಮುರಿಯಿತು. ಪಂದ್ಯವನ್ನು ನಡುವೆಯೇ ನಿಲ್ಲಿಸಿ ಸನ್ಮಾನವನ್ನೂ ಮಾಡಿದರು. ಮರುದಿನ ಬೆಳಿಗ್ಗೆ ನಾನಿನ್ನೂ ಕಾಫಿ ಕುಡಿದಿರಲಿಲ್ಲ, ಕೆನಡಾದಿಂದ ಅಕ್ಕನ ಮಗನ ಫೋನು ಬಂತು.

"ಮಾವಾ, ಇನ್ನು ನಿಮ್ಮ ವಾದ ಮುಗೀತು ಬಿಡಿ. ಲೆಫ್ಟ್ ವಿಂಗ್‌ನಲ್ಲಿ ಇವನನ್ನ ಮೀರಿಸಿದೋರು ಯಾರೂ ಇಲ್ಲ."

ಮುಗಿಯಲಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಐಸ್ ಹಾಕಿಯ ಬಗ್ಗೆ ಮಾತನಾಡಲು ನನಗೇನು ಅಧಿಕಾರ ಎಂದು ಯಾರಾದರೂ ಕೇಳಬಹುದು. ಅಕ್ಕನ ಮನೆಯಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಹೊರಗೆ ಹೋಗಲಾರದವನಿಗೆ ಅಲ್ಲಿ ಇದ್ದ ಕೆಲಸವೆಂದರೆ ಟಿ.ವಿ. ಮುಂದೆ ಕೂತು ಆ ಆಟ ನೋಡುವುದು, ಆಮೇಲೆ ಲೈಬ್ರರಿಯಿಂದ ಅದರ ಚರಿತ್ರೆಯ ಪುಸ್ತಕ ತಂದು ಓದುವುದು. ಸ್ಕೇಟು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ನಿಂತದ್ದು ಒಂದೇ ಸಲ. ನಿಂತದ್ದಕ್ಕಿಂತ ಕೂತದ್ದೇ ಹೆಚ್ಚು. ಆದರೆ ಸಂಗೀತಕ್ಕೆ ತಲೆದೂಗಲು ಹಾಡಲು ಬರಬೇಕೆಂದು ಯಾರೂ ಕಾನೂನು ಮಾಡಿಲ್ಲವಲ್ಲ!

ಈ ಆಟದ ಅಂಗಳ 200 ಅಡಿ ಉದ್ದ, 85 ಅಡಿ ಅಗಲ. ಸುತ್ತ ಹಲಗೆಯ ಗೋಡೆ. ಗೋಲಿಯನ್ನು ಬಿಟ್ಟರೆ ಒಂದು ತಂಡಕ್ಕೆ ಐದು ಜನ. ಅವರಲ್ಲಿ ಮುಂದೆ ಆಡುವವರು ಮೂವರು, ನಡುವಿನವನು ಮತ್ತು ಎಡಬಲದವರು. ಎಡಬದಿಯವನ ಪಾಲಿಗೆ ಬರುವುದು ಮುಖ್ಯವಾಗಿ ಎಡಗಡೆಯ ಗೋಡೆ. ಪಕ್ ಎಂಬ ಆ ರಬ್ಬರಿನ ಬಿಲ್ಲೆ ಮೂಲೆಗೆ ಹೋಗಿ ಸಿಕ್ಕಿಕೊಂಡಾಗ, ಬೆನ್ನ ಮೇಲೆ ಇಬ್ಬರು ಬಿದ್ದಿರುವಾಗಲೂ ಅದನ್ನು ಕೆದಕಿ ತೆಗೆದು ನಡುವಿನವನಿಗೆ ದಾಟಿಸಬೇಕು. ಪಕ್ ಎದುರಾಳಿಗಳ ಕೈಸೇರಿದರೆ ಓಡಿ ಹಿಂದಕ್ಕೆ ಬಂದು ಅವರ ಬಲಗಡೆಯ ರಕ್ಷಕ ಗುರಿಯಿಟ್ಟು ಹೊಡೆಯದಂತೆ ತಡೆಯಬೇಕು. ಗೋಲು ಹೊಡೆಯುವುದು ಈ ಕೆಲಸಗಳಲ್ಲಿ ಒಂದು, ಅಷ್ಟೆ. ನಮ್ಮ ಪಟ್ಟಿ ತಯಾರಿಸುವ ಮಹಾಶಯರು ಈ ಒಂದನ್ನೇ ಹಿಡಿದು ಉಳಿದದ್ದನ್ನು ಕಸಕ್ಕೆ ಗುಡಿಸುತ್ತಾರೆ ಎಂಬುದು ನನ್ನ ಮೊದಲ ತಕರಾರು.

ಗೋಲನ್ನೇ ಅಳತೆಗೋಲು ಮಾಡಿಕೊಂಡರೆ ಪಟ್ಟಿ ಮಾಡುವುದು ಬಹಳ ಸುಲಭ. 900 ದಾಟಿದ ಒವೆಚ್ಕಿನ್ ಮೊದಲು, ಆಮೇಲೆ 668ರ ಲುಕ್ ರಾಬಿಟೈ, 656ರ ಬ್ರೆಂಡನ್ ಶಾನಹನ್, 640ರ ಡೇವ್ ಆಂಡ್ರೆಚುಕ್, 610ರ ಬಾಬಿ ಹಲ್. ಟೆಡ್ ಲಿಂಡ್ಸೆಯದು ಬರೀ 379. ಅವನನ್ನು ಎಲ್ಲೋ ಕೆಳಗೆ ಹುಡುಕಬೇಕು. ಬಾಬಿ ಹಲ್‌ಗಿಂತ ಆಂಡ್ರೆಚುಕ್ ದೊಡ್ಡವನು ಎಂದು ಒಪ್ಪುವವರು ಯಾರಿದ್ದಾರೆ? ಆ ಲೆಕ್ಕದವರೂ ಒಪ್ಪುವುದಿಲ್ಲ. ಅಲ್ಲಿಗೆ ಬಂದಾಗ ಮಾತ್ರ ಮೆಲ್ಲಗೆ "ಕಾಲ ಬೇರೆ, ಆಟ ಬೇರೆ" ಎನ್ನುತ್ತಾರೆ. ಕಾಲ ಬೇರೆ ಎಂಬ ರಿಯಾಯಿತಿ ಹಲ್‌ಗೆ ಉಂಟು, ಲಿಂಡ್ಸೆಗೆ ಇಲ್ಲ. ಇದು ಯಾವ ನ್ಯಾಯ?

ಒವೆಚ್ಕಿನ್‌ನನ್ನು ನಾನು ಹಳಿಯುತ್ತಿಲ್ಲ. ಒಂಬತ್ತು ವರ್ಷ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಅವನೇ. ಮೂರು ಸಲ ಅತ್ಯಮೂಲ್ಯ ಆಟಗಾರನೆನಿಸಿದ. 2018ರಲ್ಲಿ ವಾಷಿಂಗ್ಟನ್ನಿಗೆ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟ. ಗ್ರೆಟ್ಸ್ಕಿ ಆಡಿದ್ದು ಒಟ್ಟು 1487 ಪಂದ್ಯ. ಒವೆಚ್ಕಿನ್ ಅವನ ದಾಖಲೆ ಮುರಿದದ್ದೂ ತನ್ನ 1487ನೆಯ ಪಂದ್ಯದಲ್ಲೇ. ಇಂಥ ಹೊಡೆತಗಾರ ಹಿಂದೆ ಬಂದಿರಲಿಲ್ಲ, ಒಪ್ಪಿದೆ. ಆದರೆ ನಮ್ಮ ಪ್ರಶ್ನೆ ಹೊಡೆತಗಾರರದ್ದಲ್ಲ, ಎಡಬದಿಯವರದ್ದು. ಈತ ಬಲಗೈ ಆಟಗಾರ. ಎದುರಾಳಿಯಲ್ಲಿ ಒಬ್ಬ ಕಡಿಮೆಯಾದಾಗಲೆಲ್ಲ ಎಡಗಡೆಯ ವೃತ್ತದಲ್ಲಿ ಸ್ಟಿಕ್ ಎತ್ತಿ ನಿಂತು, ಬಂದ ಪಾಸನ್ನು ನಿಲ್ಲಿಸದೆ ಬಾರಿಸುತ್ತಿದ್ದ. ಇಪ್ಪತ್ತು ವರ್ಷ ಅದೇ ಜಾಗ. ಎಲ್ಲರಿಗೂ ಗೊತ್ತು, ಯಾರಿಗೂ ತಡೆಯಲಾಗಲಿಲ್ಲ. ಅವನಿಗೆ ಅತಿ ಹೆಚ್ಚು ಗೋಲುಗಳಿಗೆ ಪಾಸು ಕೊಟ್ಟ ನಿಕ್ಲಾಸ್ ಬ್ಯಾಕ್‌ಸ್ಟ್ರಾಮ್‌ನ ಹೆಸರನ್ನು ಆ ದಿನ ಎಷ್ಟು ಜನ ನೆನೆದರೋ ಕಾಣೆ. ಇನ್ನೊಂದು ತಮಾಷೆ ಕೇಳಿ. 2013ರಲ್ಲಿ ತರಬೇತುದಾರ ಆ್ಯಡಮ್ ಓಟ್ಸ್ ಇವನನ್ನು ಬಲಬದಿಗೆ ಹಾಕಿ ಆಡಿಸಿದ. ವರ್ಷದ ಕೊನೆಗೆ ಪತ್ರಕರ್ತರು ಓಟು ಹಾಕಿ ಶ್ರೇಷ್ಠರ ತಂಡ ಆರಿಸಿದರು. ಮೊದಲ ತಂಡದ ಬಲಬದಿಗೆ ಒವೆಚ್ಕಿನ್. ಎರಡನೆಯ ತಂಡದ ಎಡಬದಿಗೂ ಒವೆಚ್ಕಿನ್! ಇವನು ಯಾವ ಬದಿಯಲ್ಲಿ ಆಡಿದನೆಂದೇ ನೋಡದೆ ಓಟು ಒತ್ತುವವರು ಎಡಬದಿಯ ಚಕ್ರವರ್ತಿ ಯಾರೆಂದು ನಮಗೆ ಹೇಳಿಕೊಡುತ್ತಾರೆ.

ನನ್ನ ಪಟ್ಟಿಯ ಮೊದಲ ಹೆಸರು ಟೆಡ್ ಲಿಂಡ್ಸೆ. 1925ರಲ್ಲಿ ಒಂಟೇರಿಯೊದ ರೆನ್‌ಫ್ರೂದಲ್ಲಿ ಹುಟ್ಟಿದವನು. ಐದು ಅಡಿ ಎಂಟು ಅಂಗುಲ ಎತ್ತರದ ಸಣ್ಣ ಆಳು, ಮುಖದ ತುಂಬ ಹೊಲಿಗೆಯ ಗುರುತು. ಡೆಟ್ರಾಯಿಟ್ ತಂಡದಲ್ಲಿ ಬಲಕ್ಕೆ ಗಾರ್ಡಿ ಹೋವ್, ನಡುವೆ ಸಿಡ್ ಏಬಲ್, ಎಡಕ್ಕೆ ಇವನು. 1949-50ರಲ್ಲಿ ಅಂಕಗಳಿಕೆಯ ಮೊದಲ ಮೂರು ಸ್ಥಾನ ಈ ಮೂವರದೇ. ಆ ಮೂವರಲ್ಲೂ ಮೇಲಿದ್ದವನು ಹೋವ್ ಅಲ್ಲ, ಲಿಂಡ್ಸೆ. ನಾಲ್ಕು ಸ್ಟ್ಯಾನ್ಲಿ ಕಪ್ ಗೆದ್ದ. ಕಪ್ಪನ್ನು ತಲೆಯ ಮೇಲೆತ್ತಿ ಅಂಗಳ ಸುತ್ತುವ ಸಂಪ್ರದಾಯ 1950ರಲ್ಲಿ ಶುರುವಾದದ್ದು ಇವನಿಂದಲೇ ಎನ್ನುತ್ತಾರೆ. ದುಡ್ಡು ಕೊಟ್ಟು ಬಂದ ಜನಕ್ಕೆ ಹತ್ತಿರದಿಂದ ಕಾಣಲಿ ಎಂದು ಎತ್ತಿಕೊಂಡು ಹೋದನಂತೆ. 1956ರಲ್ಲಿ ಟೊರಾಂಟೊ ವಿರುದ್ಧ ಆಡಿದರೆ ಲಿಂಡ್ಸೆ, ಹೋವ್ ಇಬ್ಬರಿಗೂ ಗುಂಡು ಹೊಡೆಯುತ್ತೇವೆಂದು ಬೆದರಿಕೆ ಬಂತು. ಲಿಂಡ್ಸೆ ಆಡಿದ, ಸಮಮಾಡಿದ ಗೋಲೂ ಅವನದು, ಹೆಚ್ಚುವರಿ ಸಮಯದಲ್ಲಿ ಗೆಲ್ಲಿಸಿದ ಗೋಲೂ ಅವನದು. ಆಟ ಮುಗಿದ ಮೇಲೆ ಸ್ಟಿಕ್ಕನ್ನು ಬಂದೂಕಿನಂತೆ ಹೆಗಲಿಗೇರಿಸಿ ಪ್ರೇಕ್ಷಕರತ್ತ ಗುರಿಹಿಡಿದ. ಅವನೇನೂ ಸಾಧುವಲ್ಲ. 1808 ನಿಮಿಷ ಶಿಕ್ಷೆಯ ಪೆಟ್ಟಿಗೆಯಲ್ಲಿ ಕೂತಿದ್ದಾನೆ.

379 ಎಂಬ ಅಂಕಿಯ ಹಿಂದಿನ ಕತೆ ಹೀಗಿದೆ. ಆಟಗಾರರು ಪಿಂಚಣಿ ನಿಧಿಗೆ ವರ್ಷಕ್ಕೆ 900 ಡಾಲರ್ ಕಟ್ಟುತ್ತಿದ್ದರು. ಆ ಕಾಲದ ಅವರ ಸಂಬಳದಲ್ಲಿ ಅದು ದೊಡ್ಡ ಮೊತ್ತ. ಲಿಂಡ್ಸೆ ನಿಧಿಯ ಮಂಡಳಿಯಲ್ಲಿ ಕೂತು ಲೆಕ್ಕ ತೋರಿಸಿ ಎಂದ. ತೋರಿಸಲಿಲ್ಲ. 1957ರ ಫೆಬ್ರವರಿಯಲ್ಲಿ ಮಾಂಟ್ರಿಯಲ್‌ನ ಡಗ್ ಹಾರ್ವೆ ಮೊದಲಾದವರೊಡನೆ ಸೇರಿ ಆಟಗಾರರ ಸಂಘ ಕಟ್ಟಿ ತಾನೇ ಅಧ್ಯಕ್ಷನಾದ. ಗಮನಿಸಿ, ಅದೇ 1956-57ರ ಋತುವಿನಲ್ಲಿ ಅವನು ಗಳಿಸಿದ್ದು 85 ಅಂಕ. ಅವನ ಜೀವಮಾನದಲ್ಲೇ ಅತಿ ಹೆಚ್ಚು, ಇಡೀ ಲೀಗಿನಲ್ಲಿ ಎರಡನೆಯದು. ಬೇಸಿಗೆಯಲ್ಲಿ ತಂಡದ ಯಜಮಾನಿಕೆ ನಡೆಸುತ್ತಿದ್ದ ಜ್ಯಾಕ್ ಆಡಮ್ಸ್ ಅವನನ್ನು ಶಿಕಾಗೊಗೆ ಸಾಗಹಾಕಿದ. ಆ ವರ್ಷ ಕಟ್ಟಕಡೆಯ ಸ್ಥಾನದಲ್ಲಿದ್ದ ತಂಡ ಅದು. ಮರುವರ್ಷ ಲಿಂಡ್ಸೆಯ ಅಂಕ 39. ಹೀಗೆ 85ರಿಂದ 39ಕ್ಕೆ ಇಳಿದದ್ದು ಕಾಲು ಸೋತದ್ದರಿಂದಲೇ ಎಂದು ಹೇಳುವವರಿಗೆ ನಮಸ್ಕಾರ. ಮೂರು ವರ್ಷ ಅಲ್ಲಿ ಸವೆದು 1960ರಲ್ಲಿ ಆಟ ಬಿಟ್ಟ. ನಾಲ್ಕು ವರ್ಷ ಮನೆಯಲ್ಲಿದ್ದು 39ನೆಯ ವಯಸ್ಸಿಗೆ ಮತ್ತೆ ಡೆಟ್ರಾಯಿಟ್‌ಗೆ ಬಂದು 14 ಗೋಲು ಹೊಡೆದ. ಆ ವರ್ಷ ತಂಡ ಲೀಗಿನಲ್ಲಿ ಮೊದಲ ಸ್ಥಾನಕ್ಕೆ ಬಂತು.

ಸಂಘದ ಕತೆ ಏನಾಯಿತು? ಲಿಂಡ್ಸೆ ಹೋದ ಮೇಲೆ ಆ ನವೆಂಬರಿನಲ್ಲಿ ಅವನ ಹಳೆಯ ಡೆಟ್ರಾಯಿಟ್ ಸಂಗಡಿಗರೇ ಸಂಘದಿಂದ ಹೊರಬಂದರು. ಗಾರ್ಡಿ ಹೋವ್ ಕೂಡ. 1958ರಲ್ಲಿ ಕನಿಷ್ಠ ಸಂಬಳ ಮೊದಲಾದ ಕೆಲವು ರಿಯಾಯಿತಿ ಪಡೆದು ಸಂಘ ಕಣ್ಮುಚ್ಚಿತು. ಮತ್ತೊಂದು ಸಂಘ ಹುಟ್ಟಲು 1967 ಬರಬೇಕಾಯಿತು.

ಈ ಭಾಗ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾನು ಕೆಲಸಮಾಡುತ್ತಿದ್ದ ಕಾರ್ಖಾನೆಯಲ್ಲಿ ಭವಿಷ್ಯನಿಧಿಯ ಲೆಕ್ಕ ಕೇಳಿದವನೊಬ್ಬನಿದ್ದ. ನನ್ನ ಪಕ್ಕದ ಮೇಜಿನವನು. ಮೂರೇ ತಿಂಗಳಲ್ಲಿ ಅವನನ್ನು ದೂರದ ಡಿಪೋಗೆ ವರ್ಗಮಾಡಿದರು. ಅವನ ಪರವಾಗಿ ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಬಂತು. ನನ್ನ ಮೇಜಿಗೆ ಬಂದಾಗ ನಾನು ಚಹಾ ಕುಡಿಯಲು ಕ್ಯಾಂಟೀನಿಗೆ ಹೋಗಿದ್ದೆ. ಹೋಗಿದ್ದೆ ಎಂದರೆ ಬೇಕೆಂದೇ ಹೋಗಿದ್ದೆ. ಆದ್ದರಿಂದ ಹೋವ್‌ನನ್ನು ಬಯ್ಯುವ ಯೋಗ್ಯತೆ ನನಗಿಲ್ಲ. ಆದರೆ ಆ ಮನುಷ್ಯ ಕೊನೆಗೆ ಯಾವ ದರ್ಜೆಯಲ್ಲಿ ನಿವೃತ್ತನಾದ ಎಂದು ನೋಡಿ ಅವನ ಕೆಲಸ ಅಳೆಯಬಾರದೆಂಬುದು ನನಗೆ ಚೆನ್ನಾಗಿ ಗೊತ್ತು. ಲಿಂಡ್ಸೆಯ 379ನ್ನೂ ಹಾಗೆ ಅಳೆಯಬೇಡಿ ಎಂದಷ್ಟೇ ನನ್ನ ಕೋರಿಕೆ.

ಇದಕ್ಕೆ ಅಕ್ಕನ ಮಗನ ಪ್ರತಿವಾದ ಸಿದ್ಧವಿತ್ತು. "ಸಂಘ ಕಟ್ಟಿದ್ದಕ್ಕೆ ಮಾರ್ಕು ಕೊಡ್ತೀರಾ? ಹಾಗಾದ್ರೆ ಬಾಬಿ ಹಲ್ ಮನೇಲಿ ಮಾಡಿದ್ದಕ್ಕೆ ಮಾರ್ಕು ಕಳೀಬೇಕು." ಗಟ್ಟಿ ಮಾತು. ಹಲ್ ಮೇಲೆ ಅವನ ಹೆಂಡತಿಯರು ಹೊಡೆತಬಡಿತದ ಆರೋಪ ಹೊರಿಸಿದ್ದರು. ಇದನ್ನು ಆಟದ ಲೆಕ್ಕಕ್ಕೆ ತರಬಾರದೆಂದು ಬಹಳ ದಿನ ನಾನೂ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. 1966ರಲ್ಲಿ ಲಿಂಡ್ಸೆಯನ್ನು ಕೀರ್ತಿಭವನಕ್ಕೆ ಸೇರಿಸಿದಾಗ ಆ ಔತಣಕ್ಕೆ ಗಂಡಸರಿಗೆ ಮಾತ್ರ ಪ್ರವೇಶವಿತ್ತು. ಹೆಂಡತಿ ಮಕ್ಕಳು ಬರುವಂತಿಲ್ಲದಿದ್ದರೆ ನಾನೂ ಬರುವುದಿಲ್ಲ ಎಂದು ಲಿಂಡ್ಸೆ ಹೋಗಲೇ ಇಲ್ಲ; ಮರುವರ್ಷ ನಿಯಮ ಬದಲಾಯಿತು. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ನನ್ನ ತಕ್ಕಡಿ ವಾಲುವುದನ್ನು ನಾನು ಮುಚ್ಚಿಡಲಾರೆ.

ಆಟದಲ್ಲಂತೂ ಹಲ್ ಗಾಳಿಯಂಥವನು. ಏಳು ವರ್ಷ ಲೀಗಿನ ಅತಿ ಹೆಚ್ಚು ಗೋಲು ಅವನದೇ. ಒಂದು ಋತುವಿನಲ್ಲಿ ಐವತ್ತನ್ನು ದಾಟಿದ ಮೊದಲಿಗನೂ ಅವನೇ, 1965-66ರಲ್ಲಿ 54. 1957ರಲ್ಲಿ ಲಿಂಡ್ಸೆ ಶಿಕಾಗೊಗೆ ಬಂದ ವರ್ಷವೇ ಅಲ್ಲಿ ಆಡಲು ಶುರುಮಾಡಿದ 18ರ ಹುಡುಗ. 1972ರಲ್ಲಿ ಹೊಸ ಲೀಗಿನ ವಿನಿಪೆಗ್ ತಂಡ ಸಹಿ ಹಾಕಿದ್ದಕ್ಕೇ ಹತ್ತು ಲಕ್ಷ ಡಾಲರ್ ಕೊಡುತ್ತೇವೆಂದಾಗ ಎದ್ದು ಹೋದ. ಅದರಿಂದ ಎಲ್ಲರ ಸಂಬಳವೂ ಏರಿತು. ಸಂಘ ಕಟ್ಟಿದವನು ಕಳಕೊಂಡದ್ದನ್ನು ಸಂತೆಗೆ ಹೋದವನು ಗಳಿಸಿದ. ಅದಿರಲಿ.

ಹಾಗೆ ಎದ್ದುಹೋದ ಕಾರಣಕ್ಕೆ ಅದೇ ವರ್ಷ ಸೋವಿಯತ್ ತಂಡದ ವಿರುದ್ಧ ಎಂಟು ಪಂದ್ಯ ಆಡಲು ಹೊರಟ ಕೆನಡಾ ತಂಡದಲ್ಲಿ ಹಲ್‌ಗೆ ಜಾಗ ಸಿಗಲಿಲ್ಲ. ಕೆನಡಾದವರು ಎಂಟೂ ಗೆಲ್ಲುತ್ತೇವೆಂದುಕೊಂಡಿದ್ದರು. ಸೆಪ್ಟೆಂಬರ್ 2ರಂದು ಮಾಂಟ್ರಿಯಲ್‌ನಲ್ಲಿ ಮೊದಲ ಪಂದ್ಯ 7-3ರಿಂದ ಸೋತರು. ಎರಡು ಗೋಲು ಹೊಡೆದವನು ವಲೇರಿ ಖಾರ್ಲಮೋವ್, ಸೋವಿಯತ್ ತಂಡದ ಎಡಬದಿಯವನು, ತಾಯಿಯ ಕಡೆಯಿಂದ ಸ್ಪೇನಿನವನು. ರಕ್ಷಕರಿಬ್ಬರು ನಿಂತಿದ್ದ ಜಾಗದ ನಡುವಿನಿಂದಲೇ ನುಸುಳಿ ಹೋಗುತ್ತಿದ್ದ. ಮಾಸ್ಕೊದಲ್ಲಿ ಐದನೆಯ ಪಂದ್ಯ ಮುಗಿದಾಗ ಸೋವಿಯತ್ ಮೂರು ಗೆದ್ದಿತ್ತು, ಕೆನಡಾ ಒಂದು. ಆರನೆಯದರಲ್ಲಿ ಬಾಬಿ ಕ್ಲಾರ್ಕ್ ಹಿಂದಿನಿಂದ ಬಂದು ಖಾರ್ಲಮೋವ್‌ನ ಕಣಕಾಲಿಗೆ ಸ್ಟಿಕ್ಕಿನಿಂದ ಬಾರಿಸಿದ. ಬೇಕೆಂದೇ ಹೊಡೆದದ್ದೆಂದು ಆಮೇಲೆ ಅವನೇ ಒಪ್ಪಿಕೊಂಡಿದ್ದಾನೆ. ಖಾರ್ಲಮೋವ್ ಏಳನೆಯ ಪಂದ್ಯ ಆಡಲಿಲ್ಲ. ಎಂಟನೆಯದರಲ್ಲಿ ನೋವಿನಲ್ಲೇ ಆಡಿದ. ಕೊನೆಯ ಮೂರೂ ಕೆನಡಾ ಗೆದ್ದಿತು. ಮೂರರಲ್ಲೂ ಗೆಲುವಿನ ಗೋಲು ಹೊಡೆದ ಪಾಲ್ ಹೆಂಡರ್ಸನ್ ಕೂಡ ಎಡಬದಿಯವನೇ. ಇಡೀ ಕೆನಡಾಕ್ಕೆ ಅವನ ಹೆಸರು ಬಾಯಿಪಾಠ. ಖಾರ್ಲಮೋವ್ ಅಮೆರಿಕದ ಲೀಗಿನಲ್ಲಿ ಆಡಲೇ ಇಲ್ಲ, ಅವನ ದೇಶ ಬಿಡಲಿಲ್ಲ. 1981ರಲ್ಲಿ ಮಾಸ್ಕೊ ಹತ್ತಿರ ಕಾರು ಅಪಘಾತದಲ್ಲಿ ಹೆಂಡತಿಯೊಡನೆ ತೀರಿಕೊಂಡಾಗ 33 ವರ್ಷ. ಲೀಗಿನ ಅಂಕಿಪಟ್ಟಿಯಲ್ಲಿ ಅವನ ಗೋಲು ಸೊನ್ನೆ. ಗೋಲು ಎಣಿಸುವವರು ಈ ಸೊನ್ನೆಗೆ ಏನು ಹೇಳುತ್ತಾರೋ ಕೇಳಬೇಕು.

ನನ್ನ ಪಟ್ಟಿ ಇದು: ಲಿಂಡ್ಸೆ, ಒವೆಚ್ಕಿನ್, ಖಾರ್ಲಮೋವ್, ಹಲ್. ಐದನೆಯವನು ಮಾಂಟ್ರಿಯಲ್‌ನ ಬಾಬ್ ಗೇನಿ. ಎದುರಾಳಿಯ ಅತ್ಯುತ್ತಮ ಬಲಬದಿಯವನನ್ನು ಕಟ್ಟಿಹಾಕುವುದೇ ಅವನ ಕಸುಬು. ಹಿಂದಕ್ಕೆ ಬಂದು ಕಾಯುವ ಮುಂದಾಳುಗಳಿಗೆಂದು 1978ರಲ್ಲಿ ಹೊಸ ಪ್ರಶಸ್ತಿ ಹುಟ್ಟಿಸಿದಾಗ ಮೊದಲ ನಾಲ್ಕು ವರ್ಷವೂ ಅದನ್ನು ಅವನಿಗೇ ಕೊಟ್ಟರು. ಐದು ಕಪ್ ಗೆದ್ದ.

ಇದನ್ನು ಫೋನಿನಲ್ಲಿ ಓದಿ ಹೇಳಿದೆ. ಅಕ್ಕನ ಮಗ ಲಿಂಡ್ಸೆಯವರೆಗೆ ಸುಮ್ಮನಿದ್ದ, ಖಾರ್ಲಮೋವ್‌ಗೂ ಹೂಂ ಎಂದ. ಗೇನಿಯ ಹೆಸರು ಬಂದದ್ದೇ ತಡ, "ಮಾವಾ, ಅವನದು 1160 ಪಂದ್ಯಕ್ಕೆ ಬರೀ 239 ಗೋಲು! ರಾಬಿಟೈದು 668!" ಎಂದು ಕೂಗಿದ. ಮೊದಲಿನಿಂದ ಓದುತ್ತೇನೆ, ಕೇಳು ಎಂದೆ.