ಅಳಿಸಬೇಕಾದ ಮಾತು, ಅಡಗಿಸಬಾರದ ಮಾತು



ತಪಸ್ಸುಕಾಲದ ಐದನೆಯ ವಾರದ ಸೋಮವಾರ ಬಲಿಪೂಜೆಯಲ್ಲಿ ಸುಸನ್ನಳ ಕಥೆಯನ್ನು ಕೇಳುತ್ತೇವೆ (ದಾನಿಯೇಲ, ಅಧ್ಯಾಯ 13). ಇಬ್ಬರು ಹಿರಿಯರು ಆಕೆಯ ಮೇಲೆ ಸುಳ್ಳು ಹೊರಿಸಿದರು. ಜನರೆಲ್ಲ ನಂಬಿ ಆಕೆಗೆ ಮರಣದಂಡನೆ ವಿಧಿಸಿದರು. ಆಗ ದಾನಿಯೇಲನೆಂಬ ಹುಡುಗನೊಬ್ಬ ಗುಂಪಿನ ನಡುವೆ ಕೂಗಿ ತಡೆದದ್ದರಿಂದ ಆಕೆಯ ಪ್ರಾಣ ಉಳಿಯಿತು.

ನಮ್ಮ ಸೇಲಂ ಜಿಲ್ಲೆಯ ಒಬ್ಬ ಯುವತಿಗೆ ಅಂಥ ದಾನಿಯೇಲ ಸಿಗಲಿಲ್ಲ. 2016ರ ಜೂನ್‌ನಲ್ಲಿ ಆಕೆಯ ಮುಖವನ್ನು ಅಶ್ಲೀಲ ಚಿತ್ರಕ್ಕೆ ಜೋಡಿಸಿ ಫೇಸ್‌ಬುಕ್‌ಗೆ ಹಾಕಲಾಯಿತು. ತಂದೆ ಪೊಲೀಸರಿಗೆ ದೂರು ಕೊಟ್ಟರು. ಹಾಕಿದವರ ವಿವರ ಕಂಪನಿಯಿಂದ ಬರಬೇಕೆಂದು ದಿನಗಳು ಕಳೆದವು. ಅಷ್ಟರಲ್ಲಿ ಇನ್ನೊಂದು ಚಿತ್ರ ಬಂತು. ಆಕೆ ಪ್ರಾಣ ಕಳೆದುಕೊಂಡಳು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಬಹಿರಂಗವಾಗಿ ಕ್ಷಮೆ ಕೇಳಿದರು.

ಇಂಥ ಚಿತ್ರವನ್ನು ತೆಗೆಸಲು ಯಾರನ್ನು ಕೇಳಬೇಕು? ಕಂಪನಿ ಅಮೆರಿಕದ್ದು. ಅಲ್ಲಿನ ಸಂವಿಧಾನದ 1791ರ ಮೊದಲ ತಿದ್ದುಪಡಿ ಮಾತಿಗೆ ಸರ್ಕಾರ ಕಡಿವಾಣ ಹಾಕದಂತೆ ತಡೆಯುತ್ತದೆ. ಬಳಕೆದಾರರು ಹಾಕಿದ್ದಕ್ಕೆ ಕಂಪನಿ ಬಹುಮಟ್ಟಿಗೆ ಹೊಣೆಯಲ್ಲ ಎಂದು 1996ರ ಕಾನೂನು ಹೇಳುತ್ತದೆ. ನಮ್ಮ ಸಂವಿಧಾನದ 19ನೇ ವಿಧಿ ವಾಕ್ ಸ್ವಾತಂತ್ರ್ಯವನ್ನೂ ಕೊಡುತ್ತದೆ, ಸಭ್ಯತೆ, ಮಾನಹಾನಿ ಮುಂತಾದ ಕಾರಣಗಳಿಗೆ ಮಿತಿಯನ್ನೂ ಇಡುತ್ತದೆ. 2021ರ ನಿಯಮಗಳ ಪ್ರಕಾರ ಇಂಥ ಚಿತ್ರದ ಬಗ್ಗೆ ನೊಂದವರು ದೂರಿದರೆ ಕಂಪನಿ 24 ಗಂಟೆಯೊಳಗೆ ತೆಗೆಯಬೇಕಿತ್ತು. 2026ರ ಫೆಬ್ರವರಿಯಲ್ಲಿ ಆ ಗಡುವನ್ನು ಇನ್ನೂ ಮೊಟಕುಗೊಳಿಸಲಾಯಿತು. ಇದು ಒಳ್ಳೆಯದೇ.

ಆದರೆ ಅಳಿಸುವ ಅಧಿಕಾರ ಆಳುವವರ ಕೈಗೆ ಸಿಕ್ಕಾಗ? ಕಿರಿಕಿರಿ ಮಾಡುವ ಸಂದೇಶಕ್ಕೂ ಜೈಲು ಎನ್ನುತ್ತಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಆದರೂ 2018ರಲ್ಲಿ ಸೇಲಂ-ಚೆನ್ನೈ ಎಂಟು ಪಥದ ರಸ್ತೆಯ ವಿರುದ್ಧ, ಭೂಮಿ ಕಳೆದುಕೊಳ್ಳಲಿದ್ದ ಸೇಲಂ, ಧರ್ಮಪುರಿಯ ರೈತರ ಪರವಾಗಿ ಮಾತಾಡಿದವರು ಬಂಧನಕ್ಕೊಳಗಾದರು. ಸರ್ಕಾರದ 'ಸಹಯೋಗ್' ಪೋರ್ಟಲ್ ಮೂಲಕ ಬರುವ ಆದೇಶಗಳನ್ನು ಎಕ್ಸ್ ಕಂಪನಿ ಪ್ರಶ್ನಿಸಿದಾಗ, 2025ರ ಸೆಪ್ಟೆಂಬರ್ 24ರಂದು ಕರ್ನಾಟಕ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಅಮೆರಿಕದ ನ್ಯಾಯತತ್ವವನ್ನು ಇಲ್ಲಿಗೆ ಹಾಗೆಯೇ ತರಲಾಗದು ಎಂದಿತು. ಅದು ಸರಿಯಿರಬಹುದು. ಆದರೂ ಯಾರ ದೂರಿನ ಮೇಲೆ, ಯಾವ ಕಾರಣಕ್ಕೆ ಅಳಿಸಿದರೆಂದು ಜನರಿಗೆ ತಿಳಿಯಬೇಕಲ್ಲವೇ?

ಸುಸನ್ನಳ ಕಥೆಯಲ್ಲಿ ಎರಡೂ ಪಾಠಗಳಿವೆ. ಹಿರಿಯರ ಸುಳ್ಳನ್ನು ತಡೆಯಬೇಕಿತ್ತು. ದಾನಿಯೇಲನ ಬಾಯಿ ಮುಚ್ಚಿಸಿದ್ದರೆ ಅದನ್ನು ತಡೆಯುವವರೇ ಇರುತ್ತಿರಲಿಲ್ಲ.

ಕಾನೂನಿಗಿಂತ ಮೊದಲು ಮನೆಯ ಕೆಲಸವಿದೆ. ಇಂಥ ಚಿತ್ರ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ನಿಮ್ಮ ಮನೆಯವರದೇ ಆಗಿದ್ದರೆ ಅದರ ಲಿಂಕ್ ಉಳಿಸಿಕೊಂಡು ಕಂಪನಿಗೂ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ಗೂ ಕೂಡಲೇ ದೂರು ಕೊಡಿ. ಎಲ್ಲಕ್ಕಿಂತ ಮೊದಲು, ಮಗಳು ಅಳುತ್ತಾ ಬಂದಾಗ "ನೀನೇನು ಮಾಡಿದೆ?" ಎಂದು ಕೇಳಬೇಡಿ. "ನಿನ್ನನ್ನು ನಂಬುತ್ತೇವೆ, ಮಗಳೇ" ಎನ್ನಿ.

ಪ್ರಭು ನಮ್ಮ ಮನೆಗಳನ್ನು ಕಾಪಾಡಲಿ.