ಅಂಕ ಕಳೆದ ಆರು ಮಿಲಿಮೀಟರ್

‘ಇದರಲ್ಲಿ ನಿಮ್ಮದು ಅಂತ ಏನಿದೆ?’

ಕಳೆದ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ವೈವಾದಲ್ಲಿ ಪರೀಕ್ಷಕರು ಕೇಳಿದ ಪ್ರಶ್ನೆ ಇದು. ಗುಜರಿಯಿಂದ ತಂದ ಹಳೆಯ ಅಡಿಕೆ ಸುಲಿಯುವ ಯಂತ್ರಕ್ಕೆ ಬೇರೆ ಮೋಟಾರ್ ಕೂರಿಸಲು ನಾವು ನಾಲ್ವರು ಎರಡು ತಿಂಗಳು ಒದ್ದಾಡಿದ್ದೆವು. ಹೊಸ ಶಾಫ್ಟ್ ಆರು ಮಿಲಿಮೀಟರ್ ಉದ್ದವಾಗಿ ಮುಚ್ಚಳವೇ ಕೂರದೆ, ಎಲ್ಲವನ್ನೂ ಬಿಚ್ಚಿ ಮತ್ತೆ ಅಳೆದು ಸರಿಪಡಿಸಿದ್ದೆವು. ಆದರೆ ‘ಹೊಸ ಡಿಸೈನ್ ಅಲ್ಲ, ಬರೀ ರಿಪೇರಿ’ ಎಂದು ಅಂಕ ಕಳೆದರು.

ಆ ಬೇಸರದಲ್ಲಿದ್ದಾಗ ಓದಲು ಸಿಕ್ಕಿದ್ದು ಎಂಜಿ 42 ಎಂಬ ಜರ್ಮನ್ ಮಷಿನ್ ಗನ್ನಿನ ಕಥೆ. ಅದನ್ನು ವಿನ್ಯಾಸ ಮಾಡಿದ ವರ್ನರ್ ಗ್ರೂನರ್ ಕೆಲಸಕ್ಕಿದ್ದದ್ದು ಬಂದೂಕಿನ ಕಾರ್ಖಾನೆಯಲ್ಲಲ್ಲ, ತಗಡಿನ ಲಾಟೀನು ಮಾಡುವ ಕಂಪನಿಯಲ್ಲಿ. ಹಾಗಾಗಿಯೇ ಇರಬೇಕು, ಗಟ್ಟಿ ಉಕ್ಕನ್ನು ಕೊರೆಯುವ ಬದಲು ತಗಡನ್ನು ಪ್ರೆಸ್‌ನಲ್ಲಿ ಒತ್ತಿ ಬಂದೂಕಿನ ಮೈ ಮಾಡಿದರು. ನಿಮಿಷಕ್ಕೆ ಸುಮಾರು 1,200 ಗುಂಡು ಹಾರಿಸುತ್ತಿದ್ದ ಅದು ಅಗ್ಗವೂ ಆಗಿತ್ತು.

ಶತ್ರುಗಳಿಗೂ ಅದರ ಮೇಲೆ ಕಣ್ಣು. ಯುದ್ಧ ಮುಗಿಯುವ ಮೊದಲೇ ಅಮೆರಿಕದವರು ವಶಪಡಿಸಿಕೊಂಡ ಬಂದೂಕನ್ನು ನೋಡಿ ‘ಟಿ24’ ಎಂಬ ಮಾದರಿ ಮಾಡಿದರು. ಜರ್ಮನ್ ಕಾಡತೂಸಿನ ಕೋಶ 57 ಮಿ.ಮೀ. ಉದ್ದ, ಅಮೆರಿಕದ್ದು 63. ಇದೇ ಆರು ಮಿಲಿಮೀಟರ್! ಬಂದೂಕಿನ ಒಳಗೆ ಅಷ್ಟು ಜಾಗ ಬಿಡುವುದು ಮರೆತುಹೋಯಿತು. ಹೊಡೆದ ಕೋಶ ಸಲೀಸಾಗಿ ಹೊರಬೀಳದೆ ಬಂದೂಕು ಪದೇಪದೇ ಕಚ್ಚಿಕೊಂಡಿತು. ಯೋಜನೆಯನ್ನೇ ಕೈಬಿಟ್ಟರು.

ಯುದ್ಧದ ನಂತರ ಯುಗೊಸ್ಲಾವಿಯ ಬೇರೆ ದಾರಿ ಹಿಡಿಯಿತು. ಅದರ ಬಳಿ ವಶಪಡಿಸಿಕೊಂಡ ಜರ್ಮನ್ ಬಂದೂಕುಗಳು ರಾಶಿ ಇದ್ದವು. ಕಾಡತೂಸಿನ ಅಳತೆ ಮುಟ್ಟದೆ ಅದೇ ವಿನ್ಯಾಸವನ್ನು ‘ಎಂ53’ ಹೆಸರಿನಲ್ಲಿ ತಾನೇ ತಯಾರಿಸಿತು. ಗುಂಡು ಹಾರುವ ವೇಗವನ್ನು ಮಾತ್ರ ತಗ್ಗಿಸಿತು. ಸೈನಿಕರು ಅದನ್ನು ಕರೆದದ್ದು ‘ಶಾರಟ್ಸ್’ ಎಂದು. ಅದು ಅಲ್ಲಿನ ಜಾನಪದ ವೀರ ಮಾರ್ಕೊನ ಕುದುರೆಯ ಹೆಸರು.

ಪಶ್ಚಿಮ ಜರ್ಮನಿಯ ಸಮಸ್ಯೆ ಇನ್ನೊಂದು. ನೇಟೊ ಸೇರಿದ ಮೇಲೆ 51 ಮಿ.ಮೀ. ಕೋಶದ ಕಾಡತೂಸನ್ನೇ ಬಳಸಬೇಕಿತ್ತು. ಯುದ್ಧಕಾಲದ ಮೂಲ ನಕ್ಷೆಗಳು ಕೈಯಲ್ಲಿರಲಿಲ್ಲ. ರೈನ್‌ಮೆಟಾಲ್ ಕಂಪನಿ ಉಳಿದಿದ್ದ ಬಂದೂಕನ್ನೇ ಬಿಚ್ಚಿ, ಅಳೆದು ಹೊಸ ನಕ್ಷೆ ಬರೆಯಿತು. ಹಳೆಯ ಬಂದೂಕುಗಳನ್ನೂ ಹೊಸ ಕಾಡತೂಸಿಗೆ ಹೊಂದಿಸಿದರು, ಅವು ‘ಎಂಜಿ2’ ಆದವು. 1968ರಲ್ಲಿ ಬಂದ ‘ಎಂಜಿ3’ ಇದೇ ವಂಶದ್ದು. ನಮ್ಮ ನೆರೆಯ ಪಾಕಿಸ್ತಾನದ ಆರ್ಡ್‌ನೆನ್ಸ್ ಕಾರ್ಖಾನೆಯೂ ಅದನ್ನು ತಯಾರಿಸಿದೆ.

ಒಂದೇ ಬಂದೂಕು, ಮೂರು ದೇಶ, ಮೂರು ಫಲಿತಾಂಶ. ಇದನ್ನೆಲ್ಲ ‘ಬರೀ ರಿಪೇರಿ’ ಎನ್ನಲಾದೀತೇ? ಖಾಲಿ ಹಾಳೆಯ ಮೇಲೆ ಗೆರೆ ಎಳೆಯುವಾಗ ಅಳತೆ ನಮ್ಮ ಕೈಯಲ್ಲಿರುತ್ತದೆ. ಇನ್ನೊಬ್ಬರು ಮಾಡಿದ್ದನ್ನು ಬದಲಿಸುವಾಗ ಅವರು ಹಾಗೇಕೆ ಮಾಡಿದರು ಎಂಬುದನ್ನೂ ಅರಿಯಬೇಕು. ಕ್ಯಾಂಪಸ್ ಸಂದರ್ಶನಕ್ಕೆ ಬಂದ ಕಂಪನಿ ‘ರೆಟ್ರೋಫಿಟ್’ ಕೆಲಸ ಎಂದರೆ ಮೂಗು ಮುರಿಯುವ ನಾವು ಇದನ್ನು ಯೋಚಿಸಬೇಕು.

‘ಉದಾಹರಣೆಗೆ ಬಂದೂಕೇ ಬೇಕಿತ್ತಾ?’ ಎಂದು ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಹಿಟ್ಲರನ ಸೇನೆಗಾಗಿ ಹುಟ್ಟಿದ ಈ ಯಂತ್ರ ಅವನು ಸತ್ತ ಮೇಲೂ ಬದುಕಿತು. ಅವನ ವಿರುದ್ಧ ಹೋರಾಡಿದವರ ಕೈಯಲ್ಲೂ ಗುಂಡು ಹಾರಿಸಿತು. ಯಾರ ಕೈ ಎಂದು ಯಂತ್ರ ಕೇಳುವುದಿಲ್ಲ. ಹಾಗಾಗಿ ಅದನ್ನು ಬದಲಿಸಿ ಆಯುಷ್ಯ ಕೊಟ್ಟವರು ‘ನಾನು ಬ್ಯಾರೆಲ್ ಮಾತ್ರ ಬದಲಿಸಿದೆ’ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಬದಲಾಯಿಸುವುದೂ ಎಂಜಿನಿಯರಿಂಗ್ ಎಂದು ಒಪ್ಪಿದ ಮೇಲೆ, ಅದರ ಶ್ರೇಯಸ್ಸಿನಂತೆ ಹೊಣೆಯೂ ನಮ್ಮದೇ. ಮುಂದೆ ರಕ್ಷಣಾ ವಲಯದಲ್ಲಿ ಕೆಲಸ ಸಿಕ್ಕರೆ ಈ ಮಾತು ನನಗೂ ಅನ್ವಯ.

ನಮ್ಮ ಅಡಿಕೆ ಯಂತ್ರ ಈಗ ಗೆಳೆಯನ ಅಪ್ಪನ ಅಂಗಳದಲ್ಲಿದೆ, ಓಡುತ್ತಿದೆ. ಮುಂದಿನ ವೈವಾದಲ್ಲಿ ಯಾರಾದರೂ ಅದೇ ಪ್ರಶ್ನೆ ಕೇಳಿದರೆ ಹೇಳುತ್ತೇನೆ: ‘ಆ ಆರು ಮಿಲಿಮೀಟರ್ ನಮ್ಮದು, ಸರ್.’